ಅದಿರಿನ ಸೀಮೆಯ ಗುಳೆ, ನಮ್ಮೂರಿನ ಬಟವಾಡೆ

ನಮ್ಮ ಮದ್ರಸದ ಹಿಂದೆ ಎರಡು ಮಾಳಿಗೆಯ ಮನೆಯೊಂದು ಏಳುತ್ತಿದೆ. ಗಲ್ಫಿನಲ್ಲಿರುವ ನಮ್ಮ ಜಮಾಅತಿನ ಒಬ್ಬರದು. ಕಳೆದ ಶಾಬಾನಿನಲ್ಲಿ ಒಂದು ದಿನ ಅಸರ್ ಮುಗಿಸಿ ಹೊರಗೆ ಬರುವಾಗ, ಸಿಮೆಂಟು ಮೆತ್ತಿದ ಬಟ್ಟೆಯಲ್ಲಿ ನಿಂತಿದ್ದ ಗಾರೆ ಕೆಲಸದ ಯುವಕನೊಬ್ಬ ಸಲಾಂ ಹೇಳಿ, "ಹಜ್ರತ್, ಗುರ್ತು ಸಿಗ್ಲಿಲ್ಲೇನ್ರಿ?" ಎಂದ.

ಕರಾವಳಿಯಲ್ಲಿ ನಮ್ಮನ್ನು ಹಜ್ರತ್ ಎಂದು ಕರೆಯುವವರಿಲ್ಲ. ಇಲ್ಲಿ ನಾವು ಉಸ್ತಾದ್. ಹಜ್ರತ್ ಅನ್ನಿಸಿಕೊಂಡದ್ದು ಕೂಡ್ಲಿಗಿ ಸೀಮೆಯಲ್ಲಿ. 2006ರಿಂದ 2011ರವರೆಗೆ ಅಲ್ಲಿಯ ಹೆದ್ದಾರಿ ಬದಿಯ ಒಂದು ಹಳ್ಳಿಯಲ್ಲಿ ಮದ್ರಸ ಪಾಠ ಹೇಳುತ್ತಿದ್ದೆವು. ಅಲ್ಲಿಯವರು ಹನಫಿಗಳು, ನಾವು ಶಾಫಿಈ. ಅಸರ್ ಬಾಂಗು ನಮ್ಮ ಲೆಕ್ಕಕ್ಕಿಂತ ಎಷ್ಟೋ ತಡ. ಮೊದಮೊದಲು ನಮಗೆ ದಿನಾ ಗಡಿಯಾರ ನೋಡುವುದೇ ಕೆಲಸ. ಈ ಹುಡುಗ ಆಗ ನಮ್ಮಲ್ಲಿ ಅಲಿಫ್ ಬಾ ಕಲಿಯುತ್ತಿದ್ದ. ಈಗ ಅವನಿಗೇ ಎರಡು ಮಕ್ಕಳು. ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಸಂಸಾರ.

"ದೀಪಾವಳಿ ಆದಮ್ಯಾಲೆ ಬಂದ್ವಿ ಹಜ್ರತ್. ಮೊದ್ಲು ಕಾಫಿ ಸೀಮಿಗೆ ಹೊಂಟಿದ್ವಿ. ಎರಡು ವರ್ಷಾತು, ಇಲ್ಲೇ" ಎಂದ. ಅಲ್ಲಿ ಇದಕ್ಕೆ ಗುಳೆ ಅನ್ನುತ್ತಾರೆ. ಮಳೆ ಕೈಕೊಟ್ಟರೆ, ಅಥವಾ ಬೆಳೆ ಒಕ್ಕಿ ಹೊಲದ ಕೆಲಸ ಮುಗಿದರೆ, ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು, ಮಕ್ಕಳನ್ನು ಶಾಲೆಯಿಂದ ಬಿಡಿಸಿ ಹೊರಡುವುದು. ಕೂಡ್ಲಿಗಿಯ ಹಳ್ಳಿಗಳಲ್ಲಿ, ಹರಪನಹಳ್ಳಿಯ ತಾಂಡಾಗಳಲ್ಲಿ ಇದು ಹಬ್ಬ ಹರಿದಿನದ ಹಾಗೆ ವರ್ಷಕ್ಕೊಮ್ಮೆ ಬರುವಂಥದ್ದು.

ಅವನು ನಮ್ಮ ಹತ್ತಿರ ಬಂದದ್ದಕ್ಕೆ ಕಾರಣವಿತ್ತು. ಕೊಟ್ಟೂರು ತೇರು ಹತ್ತಿರ ಬಂದಿತ್ತು. ಆ ಕಡೆಯ ಜನ ಯಾವ ಜಾತಿ ಧರ್ಮದವರಾದರೂ ಗುರು ಕೊಟ್ಟೂರೇಶ್ವರನ ತೇರಿಗೆ ಊರು ಸೇರುತ್ತಾರೆ. ಇವನಿಗೂ ಅಪ್ಪನನ್ನು ನೋಡಬೇಕಿತ್ತು. ಆದರೆ ಐದು ವಾರದಿಂದ ಬಟವಾಡೆ ಆಗಿಲ್ಲ. ಖರ್ಚಿಗೆ ಅಂತ ಐನೂರು ಸಾವಿರ ಕೊಡುತ್ತಾರೆ, ಲೆಕ್ಕ ಚುಕ್ತಾ ಮಾಡುವುದಿಲ್ಲ. "ನೀವು ಒಂದ್ಮಾತು ಹೇಳ್ರಿ" ಎಂದ. ಹೇಳಿದೆವು. ಏನಾಯಿತು ಎನ್ನುವುದನ್ನು ಕೊನೆಗೆ ಬರೆಯುತ್ತೇವೆ.

ಅವತ್ತು ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಹೋಟೆಲಿನ ಮೇಜಿನ ಮುಂದೆ, ಮದುವೆ ಹಾಲಿನಲ್ಲಿ, ನಮ್ಮ ಯುವಕರು ಬಂಡವಾಳಶಾಹಿ ಸರಿಯೋ ಸಮಾಜವಾದ ಸರಿಯೋ ಎಂದು ಕ್ರಿಕೆಟ್ ತಂಡದ ಹಾಗೆ ಎರಡು ಬದಿ ಮಾಡಿಕೊಂಡು ವಾದಿಸುವುದನ್ನು ಕೇಳಿದ್ದೇವೆ. ವ್ಯಾಪಾರ ಮಾಡುವವನನ್ನು ಬಿಡಿ, ಅವನೇ ಹತ್ತು ಜನರಿಗೆ ಅನ್ನ ಕೊಡುತ್ತಾನೆ ಎಂದು ಒಬ್ಬ. ಎಲ್ಲ ಸರಕಾರದ ಕೈಯಲ್ಲಿರಬೇಕು, ಆಗಲೇ ಬಡವನಿಗೆ ನ್ಯಾಯ ಎಂದು ಇನ್ನೊಬ್ಬ. ಈ ಎರಡು ಮದ್ದನ್ನೂ ಪೂರ್ತಿ ಕುಡಿಸಿ ನೋಡಿದ ಒಂದು ನಾಡು ನಮ್ಮ ರಾಜ್ಯದಲ್ಲೇ ಇದೆ. ಅಲ್ಲಿಂದಲೇ ಈ ಹುಡುಗ ಬಂದದ್ದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈಗ ಈ ಐದೂ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯಲ್ಲಿವೆ. ಮೊದಲು ಬಳ್ಳಾರಿಯವು. ಹರಪನಹಳ್ಳಿಯನ್ನು ಮಾತ್ರ 1997ರಲ್ಲಿ ದಾವಣಗೆರೆಗೆ ಸೇರಿಸಿ, ಮತ್ತೆ ವಾಪಸು ತಂದರು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ತಾಲೂಕುಗಳನ್ನೆಲ್ಲ ಅಳೆದಾಗ 39ನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಕೂಡ್ಲಿಗಿ, ಹರಪನಹಳ್ಳಿ ಎರಡೂ ಆ ಪಟ್ಟಿಯಲ್ಲಿದ್ದವು. ಕೊಟ್ಟೂರು ಆಗ ಕೂಡ್ಲಿಗಿಯ ಹೊಟ್ಟೆಯಲ್ಲೇ ಇತ್ತು. ಹಡಗಲಿ, ಹಗರಿಬೊಮ್ಮನಹಳ್ಳಿ ಅದರ ಮುಂದಿನ ಸಾಲಿನಲ್ಲಿದ್ದವು.

ಇವು ಏನೂ ಇಲ್ಲದ ಊರುಗಳ ನಡುವೆ ಇದ್ದವು ಎಂದುಕೊಳ್ಳಬೇಡಿ. ಒಂದು ಬದಿ ತುಂಗಭದ್ರಾ ಜಲಾಶಯ, ಇನ್ನೊಂದು ಬದಿ ಸಂಡೂರಿನ ಅದಿರಿನ ಗುಡ್ಡ.

ಮೊದಲು ಸರಕಾರದ ಕೈಯಿಂದ ಏನಾಯಿತು ನೋಡೋಣ. ಸ್ವಾತಂತ್ರ್ಯದ ಹೊಸದರಲ್ಲಿ, 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಿಟ್ಟರು. ಲಕ್ಷಾಂತರ ಎಕರೆಗೆ ನೀರಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿನ್ನೀರು ಮುಳುಗಿಸಿದ ಹಳ್ಳಿಗಳಲ್ಲಿ ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯವೂ ಇದ್ದವು. ಕಾಲುವೆ ಹರಿದದ್ದು ಗಂಗಾವತಿ, ಸಿರುಗುಪ್ಪ, ಬಳ್ಳಾರಿ ಕಡೆಗೆ, ಅಲ್ಲಿಂದ ಆಂಧ್ರಕ್ಕೆ. ಕೂಡ್ಲಿಗಿಯವರು ಬಸ್ಸಿನ ಕಿಟಕಿಯಿಂದ ಆ ನೀರನ್ನು ನೋಡಿದರು. ಎಷ್ಟೋ ವರ್ಷಗಳ ಮೇಲೆ ಸಿಂಗಟಾಲೂರು ಏತ ನೀರಾವರಿ ಹಡಗಲಿಗೆ ಬಂತು, ಕೆರೆ ತುಂಬಿಸುವ ಯೋಜನೆಗಳು ಬಂದವು. ಒಂದು ಕಾಲುವೆ ಬಲಕ್ಕೆ ತಿರುಗಿತೋ ಎಡಕ್ಕೋ ಎನ್ನುವುದರ ಮೇಲೆ ಮೂರು ತಲೆಮಾರಿನ ಹಣೆಬರಹ ನಿಂತಿತು. ಅದನ್ನು ತಿರುಗಿಸಿದ್ದು ಯಾವ ಶ್ರೀಮಂತನೂ ಅಲ್ಲ, ಸರಕಾರದ ನಕ್ಷೆ.

ಇನ್ನೊಂದು ಕಲ್ಲಿನ ಕಥೆ. 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕು ಕಾರ್ಖಾನೆಗೆ ಶಂಕುಸ್ಥಾಪನೆ ಮಾಡಿದರು. ಸಾರ್ವಜನಿಕ ರಂಗದ ಕಾರ್ಖಾನೆ; ಸಾವಿರಾರು ನೌಕರಿ ಬರುತ್ತದೆ ಎಂದು ಜನ ಕಾದರು. ಇಪ್ಪತ್ತು ವರ್ಷ ಕಳೆದರೂ ಕಾರ್ಖಾನೆ ಏಳಲಿಲ್ಲ. 1990ರ ದಶಕದಲ್ಲಿ ಖಾಸಗಿಯವರು, ಜಿಂದಾಲ್ ಕಂಪೆನಿ, ಅಲ್ಲಿ ಉಕ್ಕು ಕಾರ್ಖಾನೆ ಕಟ್ಟಿದರು. ಇವತ್ತು ಅದು ದೇಶದ ಅತಿ ದೊಡ್ಡ ಉಕ್ಕು ಕಾರ್ಖಾನೆಗಳಲ್ಲಿ ಒಂದು. ಸರಕಾರ ಕಟ್ಟಲಾಗದ್ದನ್ನು ಬಂಡವಾಳ ಕಟ್ಟಿತು ಎಂದು ಒಪ್ಪಿಕೊಳ್ಳಲು ನಮಗೆ ನಾಚಿಕೆಯಿಲ್ಲ. ನಾವು ಬ್ಯಾರಿಗಳು, ವ್ಯಾಪಾರವನ್ನೇ ಹೆಸರಿನಲ್ಲಿ ಇಟ್ಟುಕೊಂಡವರು ಎಂದು ಹಿರಿಯರು ಹೇಳುತ್ತಾರೆ. ಲಾಭ ಎಂದರೆ ನಮಗೆ ಕೆಟ್ಟ ಶಬ್ದವಲ್ಲ.

ಆದರೆ ಬಂಡವಾಳಕ್ಕೆ ಕಡಿವಾಣ ಬಿಟ್ಟ ಕಾಲವನ್ನೂ ನಾವು ಕಣ್ಣಾರೆ ಕಂಡಿದ್ದೇವೆ. ನಮ್ಮ ಮದ್ರಸದ ಮುಂದಿನ ರಸ್ತೆ ಆಗಿನ 13ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ. ಸೊಲ್ಲಾಪುರದಲ್ಲಿ ಶುರುವಾಗಿ, ಹೊಸಪೇಟೆ, ಕೂಡ್ಲಿಗಿ, ಚಿತ್ರದುರ್ಗ ದಾಟಿ ಅದು ಬಂದು ಮುಟ್ಟುವುದು ನಮ್ಮ ಮಂಗಳೂರಿಗೇ. 2008ರ ಹೊತ್ತಿಗೆ ಚೀನಾಕ್ಕೆ ಎಷ್ಟು ಅದಿರು ಕೊಟ್ಟರೂ ಸಾಲದು. ರಾತ್ರಿಯಿಡೀ ಲಾರಿಗಳು. ಪಾಠದ ಹಲಗೆಯ ಮೇಲೆ ಕೆಂಪು ಧೂಳು, ವುಝೂ ಮಾಡುವ ಹೌಝಿನ ನೀರಿನ ಮೇಲೆ ಕೆಂಪು ಕೆನೆ. ಆ ಅದಿರಿನಲ್ಲಿ ಒಂದು ಪಾಲು ಪಣಂಬೂರಿನ ಬಂದರಿಗೆ ಬಂದು ಹಡಗು ಹತ್ತುತ್ತಿತ್ತು. ನಮ್ಮ ಕರಾವಳಿಯವರಲ್ಲಿ ಎಷ್ಟು ಮಂದಿ ಆಗ ಲಾರಿ ಇಟ್ಟರು, ಯಾರ್ಡ್ ಇಟ್ಟರು ಎಂಬುದು ಓದುಗರಿಗೆ ಗೊತ್ತಿದೆ.

ಪೇಟೆಯಲ್ಲಿ ಟನ್ನಿಗೆ ಸಾವಿರಾರು ರೂಪಾಯಿ ಬೆಲೆಯಿದ್ದ ಆ ಅದಿರಿಗೆ 2009ರ ಮಧ್ಯದವರೆಗೆ ಸರಕಾರಕ್ಕೆ ಸಿಗುತ್ತಿದ್ದ ರಾಯಧನ, ಅತ್ಯುತ್ತಮ ದರ್ಜೆಯ ಗಟ್ಟಿ ಅದಿರಿಗೂ, ಟನ್ನಿಗೆ 27 ರೂಪಾಯಿ. ಒಂದು ಪ್ಲೇಟ್ ಮಿರ್ಚಿ ಒಗ್ಗರಣಿಯ ದುಡ್ಡು. ಆಮೇಲೆ ಬೆಲೆಯ ಶೇ. 10 ಎಂದು ಬದಲಾಯಿಸಿದರು, 2014ರಲ್ಲಿ ಶೇ. 15 ಆಯಿತು. ಅಷ್ಟರಲ್ಲಿ ಗುಡ್ಡಗಳು ಕರಗಿದ್ದವು.

ಆ ಹುಡುಗನ ಅಪ್ಪನಿಗೆ ನಾಲ್ಕು ಎಕರೆ ಒಣ ಹೊಲ. ಶೇಂಗಾ, ಜೋಳ ಹಾಕುತ್ತಿದ್ದರು. ಎಲ್ಲರೂ ಲಾರಿ ತೆಗೆಯುವುದನ್ನು ನೋಡಿ ಅವರೂ ಎರಡು ಎಕರೆ ಮಾರಿ, ಉಳಿದದ್ದಕ್ಕೆ ಫೈನಾನ್ಸಿನ ಸಾಲ ಮಾಡಿ ಟಿಪ್ಪರ್ ತಂದರು. ಫಾತಿಹಾ ಓದಲು ನಮ್ಮನ್ನೇ ಕರೆದಿದ್ದರು. ನಾವೂ ಸಂತೋಷದಿಂದಲೇ ದುಆ ಮಾಡಿ, ಮಿಠಾಯಿ ತಿಂದು ಬಂದೆವು. 2010ರ ಜುಲೈಯಲ್ಲಿ ರಾಜ್ಯ ಸರಕಾರ ಅದಿರು ರಫ್ತಿಗೆ ತಡೆ ಹಾಕಿತು. ಮರುವರ್ಷ ಜುಲೈ 27ಕ್ಕೆ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದು ಲೆಕ್ಕ ಹಾಕಿದ ನಷ್ಟ 16,085 ಕೋಟಿ ರೂಪಾಯಿ. ಎರಡೇ ದಿನದಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ನಿಲ್ಲಿಸಬೇಕಾದದ್ದೇ. ಆದರೆ ಹೆಲಿಕಾಪ್ಟರ್ ಇದ್ದವರಿಗೆ ಆದದ್ದು ಬೇರೆ, ಟಿಪ್ಪರ್ ಸಾಲ ಇದ್ದವನಿಗೆ ಆದದ್ದು ಬೇರೆ. ಕಂತು ತಪ್ಪಿತು, ಫೈನಾನ್ಸಿನವರು ಗಾಡಿ ಒಯ್ದರು, ಉಳಿದ ಎರಡು ಎಕರೆ ಸಾಲಕ್ಕೆ ಹೋಯಿತು. ಹುಡುಗ ಏಳನೇ ಕ್ಲಾಸಿಗೆ ಶಾಲೆ ಬಿಟ್ಟ.

ರೈಲಿನ ವಿಷಯವನ್ನು ನೆನೆದರೆ ನಮಗೆ ಈಗಲೂ ಹೊಟ್ಟೆ ಉರಿಯುತ್ತದೆ. ಹೊಸಪೇಟೆ–ಕೊಟ್ಟೂರು ಹಳಿಯಲ್ಲಿ ಪ್ರಯಾಣಿಕರ ರೈಲು 1990ರ ದಶಕದಲ್ಲಿ ನಿಂತಿತು. ಹಳಿ ಅಗಲವಾಯಿತು, ಹರಿಹರದವರೆಗೂ ಹೋಯಿತು, ಗೂಡ್ಸ್ ಓಡಾಡಿತು. ಜನರ ರೈಲಿಗಾಗಿ ವರ್ಷಗಟ್ಟಲೆ ಧರಣಿ ಮಾಡಬೇಕಾಯಿತು. ಅದು ಮತ್ತೆ ಬಂದದ್ದು 2019ರಲ್ಲಿ. ಆ ಹಳಿಯೂ ಸರಕಾರದ್ದೇ.

ಹಾಗಾದರೆ ತಪ್ಪು ಯಾರದು? ಗುಡ್ಡದಲ್ಲಿ ಎನ್ಎಂಡಿಸಿಯಂಥ ಸರಕಾರಿ ಗಣಿಯೂ ಇತ್ತು, ಖಾಸಗಿಯೂ ಇತ್ತು. ಅಣೆಕಟ್ಟು ಸರಕಾರದ್ದು, ಲಾರಿ ಖಾಸಗಿಯದು. ಹಡಗಲಿಯ ಎಂ.ಪಿ. ಪ್ರಕಾಶ್ ಅವರಂಥ ಸಮಾಜವಾದಿ ಇದೇ ಮಣ್ಣಿನಿಂದ ಎದ್ದು ಉಪಮುಖ್ಯಮಂತ್ರಿ ಆದವರು. ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮದ ಸ್ಮಾರಕವೇ ಇದೆ. ಶ್ರೀಮಂತ ತನ್ನ ಸಂಪತ್ತಿಗೆ ಧರ್ಮದರ್ಶಿ ಅಷ್ಟೇ, ಮಾಲಕನಲ್ಲ ಎಂಬುದು ಗಾಂಧೀಜಿಯ ವಿಚಾರ. ಎರಡು ವಾದಗಳ ನಡುವೆ ಅವರು ಹುಡುಕಿದ ದಾರಿ. ಸ್ಮಾರಕದ ಮುಂದೆಯೇ ಅದಿರು ಲಾರಿ ಹಾದು ಹೋಗುವಾಗ ನಮಗೆ ಅನ್ನಿಸುತ್ತಿದ್ದದ್ದು ಒಂದೇ: ಧರ್ಮದರ್ಶಿಯ ಹತ್ತಿರ ಲೆಕ್ಕ ಕೇಳುವವರು ಯಾರು?

ಇಲ್ಲಿ ನಾವು ಓದಿದ ಕಿತಾಬಿನ ಒಂದೆರಡು ವಿಷಯ ಹೇಳಬೇಕು. ಇದು ಫತ್ವಾ ಅಲ್ಲ, ಪಾಠ ಹೇಳುವವನ ಯೋಚನೆ ಮಾತ್ರ. ಮದೀನಾದಲ್ಲಿ ಒಮ್ಮೆ ದರ ಏರಿದಾಗ ಜನ ಬಂದು ಬೆಲೆ ಕಟ್ಟಿಕೊಡಿ ಎಂದು ಪ್ರವಾದಿಯವರನ್ನು (ಸ) ಕೇಳಿದರು. ಅವರು ಒಪ್ಪಲಿಲ್ಲ. ವ್ಯಾಪಾರಿಗೂ ಅನ್ಯಾಯ ಆಗಬಾರದು ಎಂಬ ಎಚ್ಚರ ಅದು. ಅದೇ ಪ್ರವಾದಿಯವರ ಬಳಿ ಯೆಮನಿನ ಅಬ್ಯಳ್ ಬಿನ್ ಹಮ್ಮಾಲ್ ಎಂಬವರು ಬಂದು ಮಅರಿಬ್ ಎಂಬಲ್ಲಿಯ ಉಪ್ಪಿನ ಗಣಿಯನ್ನು ಕೇಳಿದಾಗ ಮೊದಲು ಕೊಟ್ಟರು. ಆಮೇಲೆ ಯಾರೋ, ಅಲ್ಲಿ ಅಗೆಯುವ ಶ್ರಮವೇ ಇಲ್ಲ, ಬತ್ತದ ನೀರಿನ ಹಾಗೆ ಸುಮ್ಮನೆ ಸಿಗುವ ಉಪ್ಪು ಅದು ಎಂದು ತಿಳಿಸಿದರು. ಕೂಡಲೇ ವಾಪಸು ಪಡೆದರು. ಪೇಟೆಯ ದರಕ್ಕೆ ಕೈ ಹಾಕದವರು, ಎಲ್ಲರ ಉಪ್ಪನ್ನು ಒಬ್ಬರ ಕೈಯಲ್ಲಿ ಬಿಡಲಿಲ್ಲ. ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ 'ಸಿ' ವರ್ಗದ ಗಣಿ ಲೀಸುಗಳನ್ನು ರದ್ದು ಮಾಡಿದ ಸುದ್ದಿ ಓದಿದಾಗ ನಮಗೆ ನೆನಪಾದದ್ದು ಈ ಹದೀಸಿನ ಪಾಠ.

ನೆಲದೊಳಗಿನದರಲ್ಲಿ ಊರಿನವರ ಹಕ್ಕೆಷ್ಟು ಎಂಬುದರಲ್ಲಿ ಮದ್‌ಹಬ್‌ಗಳಲ್ಲೇ ಭಿನ್ನಮತವಿದೆ. ನಮ್ಮ ಶಾಫಿಈಯಲ್ಲಿ ಚಿನ್ನ ಬೆಳ್ಳಿಯ ಗಣಿಗೆ ಮಾತ್ರ ಝಕಾತ್, ನಲ್ವತ್ತರಲ್ಲಿ ಒಂದು ಪಾಲು. ಹನಫಿಯಲ್ಲಿ ಬೆಂಕಿಗೆ ಕರಗುವ ಯಾವ ಲೋಹವಾದರೂ, ಕಬ್ಬಿಣವೂ, ಐದರಲ್ಲಿ ಒಂದು ಪಾಲು. ಮಾಲಿಕಿಯಲ್ಲಿ ಗಣಿಯ ಅಧಿಕಾರವೇ ಆಡಳಿತಗಾರನದು. ಕೂಡ್ಲಿಗಿಯ ಹಿರಿಯ ಹಜ್ರತ್ ಒಬ್ಬರು ನಮ್ಮನ್ನು ಛೇಡಿಸುತ್ತಿದ್ದರು: "ನಿಮ್ ಶಾಫಿಈ ಲೆಕ್ಕದಾಗ ನಮ್ ಗುಡ್ಡಕ್ಕೆ ಏನೂ ಹುಟ್ಟಂಗಿಲ್ಲ ನೋಡ್ರಿ!" ಆದರೆ ನಮ್ಮ ಮದ್‌ಹಬ್ ಒಂದು ವಿಷಯದಲ್ಲಿ ಬಿಗಿ. ಒಂದು ಊರಿನ ಸಂಪತ್ತಿನ ಝಕಾತನ್ನು ಆ ಊರಿನ ಬಡವರನ್ನು ಬಿಟ್ಟು ಬೇರೆಡೆಗೆ ಸಾಗಿಸಬಾರದು. ಎಲ್ಲಿಂದ ತೆಗೆದದ್ದೋ ಅಲ್ಲಿಯ ಬಡವರಿಗೇ ಮೊದಲ ಹಕ್ಕು.

ದೇಶದ ಕಾನೂನು ಈ ಲೆಕ್ಕಕ್ಕೆ ಹತ್ತಿರ ಬಂದದ್ದು 2015ರಲ್ಲಿ. ಗಣಿ ಕಾಯ್ದೆಗೆ ತಿದ್ದುಪಡಿ ತಂದು ಜಿಲ್ಲಾ ಖನಿಜ ಪ್ರತಿಷ್ಠಾನ ಮಾಡಿದರು. ಹಳೆಯ ಲೀಸಿನವರು ರಾಯಧನದ ಮೇಲೆ ಅದರ ಶೇ. 30, ಹರಾಜಿನಲ್ಲಿ ಪಡೆದವರು ಶೇ. 10 ಆ ಜಿಲ್ಲೆಗೇ ಕೊಡಬೇಕು. ಕುಡಿಯುವ ನೀರು, ಆಸ್ಪತ್ರೆ, ಶಾಲೆಗೆ ಅದು ಹೋಗಬೇಕು. ಗಣಿ ಖಾಸಗಿಯವರೇ ನಡೆಸಲಿ, ಲಾಭವೂ ಮಾಡಲಿ, ಊರಿನ ಪಾಲು ಮಾತ್ರ ಯಾರ ದಯೆಯ ಮೇಲೂ ನಿಲ್ಲದೆ ಕಾನೂನಿನಲ್ಲಿ ಬರೆದಿರಲಿ. ನಾವು ಹುಡುಕುವ ಸಮತೋಲನ ಇದರಲ್ಲಿದೆ ಎಂದು ನಮಗನ್ನಿಸುತ್ತದೆ. ಬರೆದದ್ದು ಕೈಗೆ ಬರುವುದು ಬೇರೆ ಮಾತು. ಗಣಿಯಿಂದ ಕೆಟ್ಟ ಪ್ರದೇಶದ ಪುನಶ್ಚೇತನಕ್ಕೆ ಸುಪ್ರೀಂ ಕೋರ್ಟ್ ನಿಗಾದಲ್ಲಿ ಅದಿರು ಮಾರಾಟದಿಂದ ಬೇರೆಯೇ ತೆಗೆದಿಟ್ಟ ಸಾವಿರಾರು ಕೋಟಿ ರೂಪಾಯಿ ವರ್ಷಗಟ್ಟಲೆ ಖರ್ಚಾಗದೆ ಬಿದ್ದಿತ್ತು. 2022ರಲ್ಲಿ ಕೋರ್ಟ್ ನಿವೃತ್ತ ನ್ಯಾಯಮೂರ್ತಿಯೊಬ್ಬರ ಮೇಲುಸ್ತುವಾರಿ ಇಟ್ಟ ಮೇಲೆ ಯೋಜನೆ ಅಲುಗಾಡಿತು. ಅಷ್ಟರಲ್ಲಿ ನಮ್ಮ ಹುಡುಗ ಗಾರೆ ಕಲಿತಾಗಿತ್ತು.

ಕಾನೂನಿನಲ್ಲಿ ಬರೆದ ಪಾಲು ಏನು ಮಾಡಬಲ್ಲದು ಎಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. 1974ರ ಮಾರ್ಚ್ 1ರಂದು ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂದಾಗ ಇದೇ ಕರಾವಳಿಯಲ್ಲಿ ಎಷ್ಟೋ ಬ್ಯಾರಿ ಗೇಣಿದಾರರು ಡಿಕ್ಲರೇಷನ್ ಕೊಟ್ಟು ಹೊಲದೊಡೆಯರಾದರು. ನಮ್ಮ ಅಜ್ಜ ಚಾಲಗೇಣಿಯವರು. ಒಂದೂವರೆ ಎಕರೆ ಗದ್ದೆ ಅವರ ಹೆಸರಿಗಾಯಿತು. ಅದು ಆಗದಿದ್ದರೆ ನಮ್ಮ ಬಾಪ ಶಾಲೆಗೆ ಹೋಗುತ್ತಿರಲಿಲ್ಲ, ನಾವು ಪಿಯುಸಿ ಮುಟ್ಟುತ್ತಿರಲಿಲ್ಲ. ಆದರೆ ಗದ್ದೆಯ ಒಡತಿ ದೊಡ್ಡ ಜಮೀನ್ದಾರಿಣಿಯೇನಲ್ಲ, ಗೇಣಿ ಅಕ್ಕಿಯಲ್ಲೇ ಬದುಕುತ್ತಿದ್ದ ವಿಧವೆ. ಅವರ ಮಗ ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆ ಹೋಗಬೇಕಾಯಿತು. ಅಜ್ಜ ಕೊನೆಯವರೆಗೂ ವರ್ಷಕ್ಕೊಂದು ಮುಡಿ ಹೊಸ ಅಕ್ಕಿ ಆ ಮನೆಗೆ ಕಳಿಸುತ್ತಿದ್ದರು. ಅದು ಕಾನೂನಿನಲ್ಲಿ ಇರಲಿಲ್ಲ. ಎರಡೂ ಬೇಕಿತ್ತು ಎಂದು ನಾವು ಈಗ ತಿಳಿಯುತ್ತೇವೆ.

ಈಗ ಬಟವಾಡೆಯ ವಿಷಯ. ಕಂಟ್ರಾಕ್ಟರನ್ನು ಜುಮಾ ಮುಗಿದ ಮೇಲೆ ಹಿಡಿದೆವು. ಅವರೂ ನಮ್ಮವರೇ. "ಉಸ್ತಾದರೇ, ಗಲ್ಫಿನಿಂದ ದುಡ್ಡು ಬರುವುದು ತಡ. ಪೂರ್ತಿ ಕೊಟ್ಟರೆ ಇವರು ಊರಿಗೆ ಹೋಗಿ ಮತ್ತೆ ಬರುವುದಿಲ್ಲ, ಕೆಲಸ ನಿಲ್ಲುತ್ತದೆ" ಎಂದರು. ಅವರ ಕಷ್ಟ ಸುಳ್ಳಲ್ಲ. ಆದರೆ ಕೂಲಿಕಾರನನ್ನು ಅವನದೇ ಕೂಲಿಯಿಂದ ಕಟ್ಟಿಹಾಕುವುದು ಯಾವ ವ್ಯಾಪಾರ? ಬೆವರು ಮತ್ತು ಕೂಲಿಯ ಹದೀಸನ್ನು ಮಿಂಬರಿನ ಬದಿಯಲ್ಲಿ ಕುಳಿತು ನಾವು ಎಷ್ಟು ಸಲ ಕೇಳಿದ್ದೇವೋ, ಅವರೂ ಅಷ್ಟೇ ಸಲ ಕೇಳಿದ್ದಾರೆ. ಮಾತು ಸ್ವಲ್ಪ ಬಿಸಿಯಾಯಿತು. ಕೊನೆಗೆ ಮನೆಯವರಿಗೇ ಫೋನ್ ಮಾಡಿದೆವು. ಅವರು ಹಣ ತಿಂಗಳ ಮೊದಲೇ ಕಳಿಸಿದ್ದರಂತೆ. ಅದು ಇನ್ನೊಂದು ಸೈಟಿನ ಕಬ್ಬಿಣಕ್ಕೆ ಹೋಗಿತ್ತು. ಎರಡು ದಿನದಲ್ಲಿ ಬಟವಾಡೆ ಆಯಿತು. ತೇರು ಮಾತ್ರ ಮುಗಿದಿತ್ತು.

ಮನೆ ಕಟ್ಟಿಸುವ ನಮ್ಮವರಿಗೆ ಇನ್ನೊಂದು ವಿಷಯ ತಿಳಿದಿರಲಿ. ಕಟ್ಟಡದ ವೆಚ್ಚದ ಮೇಲೆ ಶೇ. 1 ಸೆಸ್ ಕಟ್ಟಿಸಿಕೊಳ್ಳುತ್ತಾರೆ. ಆ ಹಣ ಇಂಥ ಕೆಲಸಗಾರರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಆದರೆ ಮಂಡಳಿಯ ಕಾರ್ಡ್ ಸಿಗಬೇಕಾದರೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ ಸರ್ಟಿಫಿಕೇಟ್ ಬೇಕು. ಗುಳೆ ಬಂದವನಿಗೆ ಅದನ್ನು ಬರೆದುಕೊಡುವವರಿಲ್ಲ. ಅವನ ಹೆಸರಿನಲ್ಲಿ ಹಣ ಕಟ್ಟುತ್ತೇವೆ, ಅವನಿಗೆ ಒಂದು ಸಹಿ ಹಾಕಲು ಹಿಂಜರಿಯುತ್ತೇವೆ.

ಝಕಾತಿನದು ಇನ್ನೂ ಮುಗಿದಿಲ್ಲ. ರಮಝಾನಿನಲ್ಲಿ ಪಟ್ಟಿ ಮಾಡುವಾಗ ಇವನ ಹೆಸರು ಹೇಳಿದೆವು. ವರಿ ಕೊಡುವ ಮನೆಗಳಿಗೆ ಮಾತ್ರ ಪಟ್ಟಿ, ಹೊರಗಿನವರಿಗೆ ಬೇರೆಯಾಗಿ ಏನಾದರೂ ಕೊಡೋಣ ಎಂದು ಕೆಲವು ಹಿರಿಯರು. ಊರಿನ ಬಡವ ಎಂದರೆ ಊರಿನಲ್ಲಿ ಇರುವ ಬಡವ, ವರಿ ಪುಸ್ತಕದಲ್ಲಿ ಇರುವವನಲ್ಲ ಎಂದು ನಾವು ಕಿತಾಬ್ ತೆರೆದು ತೋರಿಸಿದೆವು. ಮುಂದಿನ ಜನರಲ್ ಬಾಡಿಯಲ್ಲಿ ಇಡೋಣ ಎಂದಿದ್ದಾರೆ. ಇಡುತ್ತೇವೆ.

ಅವನನ್ನು ಕೇಳಿದರೆ, "ಝಕಾತ್ ಬ್ಯಾಡ ಬಿಡ್ರಿ ಹಜ್ರತ್. ದೊಡ್ಡ ಮಗಳನ್ನ ಇಲ್ಲೇ ಸಾಲಿಗೆ ಹಾಕಿಸ್ರಿ, ಮದ್ರಸಕ್ಕೂ ಬರ್ತಾಳ" ಎಂದ. ಈಗ ಬರುತ್ತಿದ್ದಾಳೆ. ಕಾರ್ಡಿನ ಅರ್ಜಿಗೆ ಮನೆಯವರ ಪರವಾಗಿ ಅವರ ತಮ್ಮ ಸಹಿ ಹಾಕಿಕೊಟ್ಟರು. ಅರ್ಜಿ ತುಂಬುವಾಗ ಊರು ಎಂಬ ಕಡೆ ಯಾವುದು ಬರೀಬೇಕ್ರಿ ಎಂದು ಕೇಳಿದ. ಖಾಯಂ ವಿಳಾಸಕ್ಕೆ ಕೂಡ್ಲಿಗಿ ತಾಲೂಕು ಬರೆಸಿ, ಹಾಲಿ ವಿಳಾಸಕ್ಕೆ ನಮ್ಮ ಮದ್ರಸದ ಬಾಗಿಲ ನಂಬರ್ ಕೊಟ್ಟೆವು.